ಕುಡಿದ ತಾಯಿ

ಲೋಟ ತುಟಿಗೆ ತಾಗುವ ಮೊದಲೇ ಅರ್ಧ ಹೋಟೆಲು ತೀರ್ಪು ಕೊಟ್ಟು ಮುಗಿಸಿತ್ತು. ಊಟದ ಹೊತ್ತು, ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಗೋಡೆ ಬದಿಯ ಮೇಜಿನಲ್ಲಿ ಒಬ್ಬ ತಾಯಿ, ಶಾಲಿನ ಮರೆಯಲ್ಲಿ ಹಾಲು ಕುಡಿಯುತ್ತಿದ್ದ ಕೂಸು, ಮುಂದೆ ಒಂದು ಲೋಟ ಬಿಯರ್. ಅವಳು ಕುಡಿದದ್ದು ಒಂದೆರಡು ಗುಟುಕು. ಗುಟುಕು ನೋಡುವ ವ್ಯವಧಾನ ಯಾರಿಗಿತ್ತು? ಎಲ್ಲರೂ ಶಾಲನ್ನು ನೋಡಿದರು, ಲೋಟವನ್ನು ನೋಡಿದರು, ಲೆಕ್ಕ ಚುಕ್ತಾ ಮಾಡಿದರು.

"ಹಾಲು ಕುಡಿಯೋ ಕೂಸನ್ನ ಮಡಿಲಲ್ಲಿ ಇಟ್ಕೊಂಡು ಇದೇನಮ್ಮ?" ಎಂದರು ಎದುರು ಕೂತಿದ್ದ ಹಿರಿಯಾಕೆ. ದನಿ ಏರಿಸಿರಲಿಲ್ಲ. ಆದರೂ ಸುತ್ತಲಿನ ಮೇಜುಗಳಿಗೆಲ್ಲ ಕೇಳಿಸಿತು.

"ಡಾಕ್ಟರನ್ನ ಕೇಳಿದೀನಿ. ನಿಮಗ್ಯಾಕೆ?"

ಆ ಮಾತೇ ಅವಳನ್ನು ಮುಳುಗಿಸಿತು. ಹಿರಿಯಾಕೆಯದು ಇಸ್ತ್ರಿ ಮಾಡಿದ ಬಟ್ಟೆ, ಒಪ್ಪವಾಗಿ ಬಾಚಿ ಕಟ್ಟಿದ ನರೆಗೂದಲು. ಅವರು ತಲೆ ತಗ್ಗಿಸಿ ಕಣ್ಣೊರೆಸಿಕೊಂಡರು. "ಪಾಪ, ಎಂಥ ಸೊಸೆ ಗಂಟುಬಿದ್ದಿದಾಳೆ ನೋಡಿ," ಎಂದು ಯಾರೋ ಗೊಣಗಿದರು. ಗಲ್ಲಾದಲ್ಲಿ ಕೂತಿದ್ದವನು ಪೊಲೀಸರಿಗೆ ಫೋನು ಮಾಡಿದ.

ಜೀಪು ಬಂದಾಗ ಹಿರಿಯಾಕೆಯೂ ಹತ್ತಿದರು. ಕೂಸನ್ನು ಬಿಟ್ಟಿರಲು ಅವರಿಗೆ ಮನಸ್ಸು ಬರಲಿಲ್ಲ.

ಠಾಣೆಯ ಇನ್ಸ್‌ಪೆಕ್ಟರ್ ಮುಖ ನೋಡಿಯೇ ಮನೆತನ ಹೇಳುತ್ತೇನೆ ಎನ್ನುವ ಆಸಾಮಿ. ಹಿರಿಯಾಕೆಗೆ ಕುರ್ಚಿ ಹಾಕಿಸಿದ, ಟೀ ತರಿಸಿದ. ತಾಯಿ ಕೂಸನ್ನು ಅವಚಿಕೊಂಡು ನಿಂತೇ ಇದ್ದಳು.

"ಇವರನ್ನ ಯಾಕೆ ಕರ್ಕೊಂಡು ಬಂದ್ರಿ?" ಎಂದಳು. "ಇವರಿಗೂ ನನಗೂ ಸಂಬಂಧ ಇಲ್ಲ. ನನ್ನ ಮಗು ವಿಷಯಕ್ಕೆ ಬರೋಕೆ ಇವರು ಯಾರು?"

ಇನ್ಸ್‌ಪೆಕ್ಟರ್ ನಕ್ಕ. "ನಮ್ಮನೆಯವಳೂ ನಮ್ಮಮ್ಮನಿಗೆ ಇದನ್ನೇ ಹೇಳ್ತಾಳೆ. ಕುಡಿದು ಹೇಳಲ್ಲ, ಅಷ್ಟೇ ವ್ಯತ್ಯಾಸ."

"ಬೈಬೇಡಿ ಸಾರ್," ಎಂದರು ಹಿರಿಯಾಕೆ. "ಚಿಕ್ಕ ವಯಸ್ಸು, ಬುದ್ಧಿ ಸಾಲದು. ನನಗೆ ಕೂಸಿನದೇ ಚಿಂತೆ."

ಎಂಥ ದೊಡ್ಡ ಮನಸ್ಸು ಎಂದುಕೊಂಡ ಇನ್ಸ್‌ಪೆಕ್ಟರ್.

ಸಂಚಾರ ವಿಭಾಗದಿಂದ ಉಸಿರು ಪರೀಕ್ಷೆಯ ಯಂತ್ರ ಬಂತು. ಮಹಿಳಾ ಪೇದೆ ಕೂಸನ್ನು ಕೇಳಿದಳು. ತಾಯಿ ಕೊಡಲಿಲ್ಲ.

"ಎತ್ಕೊಂಡೇ ಊದ್ತೀನಿ."

"ಕೂಸಿನ ಮುಖಕ್ಕೆ ಸಾರಾಯಿ ಗಾಳಿ ಊದ್ತೀಯಾ? ಹೆತ್ತ ಹೊಟ್ಟೆಯಾ ಅದು?"

ಪೇದೆ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮರುಕ್ಷಣ ಕೂಸು ಹಿರಿಯಾಕೆಯ ಮಡಿಲಲ್ಲಿತ್ತು. ತಾಯಿ ಊದಿದಳು. ಯಂತ್ರ ತೋರಿಸಿದ ಅಂಕಿ ಏನೇನೂ ಅಲ್ಲ. ಲಾರಿ ಓಡಿಸುವವನಾಗಿದ್ದರೆ ಹೋಗಿ ಬಾ ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದರು. ಆದರೆ ಇವಳು ಓಡಿಸುತ್ತಿದ್ದದ್ದು ಲಾರಿಯಲ್ಲ.

"ಯಂತ್ರಕ್ಕೇನು ಗೊತ್ತು ಎದೆಹಾಲಿನ ವಿಷಯ," ಎಂದ ಇನ್ಸ್‌ಪೆಕ್ಟರ್.

ಕೂಸು ಕಿರುಚತೊಡಗಿತು. ಆ ಅಳು ಕಿವಿಗೆ ಬಿದ್ದದ್ದೇ ಹಾಲು ಸೋರಿ ತಾಯಿಯ ಅಂಗಿಯ ಎದೆ ಒದ್ದೆಯಾಯಿತು. ಪೇದೆಗಳು ಬೇರೆ ಕಡೆ ನೋಡಿದರು. ಒಬ್ಬ ಮಾತ್ರ ನೋಡುತ್ತಲೇ ಇದ್ದ.

"ಹಸಿದಿದೆ. ಕೊಡಿ, ಹಾಲು ಕೊಡ್ತೀನಿ."

"ಆ ಹಾಲಾ?" ಎಂದಳು ಮಹಿಳಾ ಪೇದೆ. "ಅದಕ್ಕಿಂತ ಚರಂಡಿ ನೀರು ವಾಸಿ."

ಹಿರಿಯಾಕೆ ಎದ್ದರು. ಕೂಸಿನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡರು. "ಬಾಟಲಿ ಹಾಲು ನಾನು ಕುಡಿಸ್ತೀನಿ ಸಾರ್. ಮೊದಲು ಇದು ಮನೆ ಸೇರಲಿ. ಇಂಥಾ ಜಾಗದಲ್ಲಿ ಕೂಸು ಇರಬಾರದು."

"ಹೂಂ, ಹೊರಡಿ ಅಮ್ಮ. ಜೀಪು ಕಳಿಸ್ಲಾ?"

"ಬೇಡಪ್ಪ, ಜೀಪು ಕಂಡ್ರೆ ಇನ್ನೂ ಹೆದರುತ್ತೆ. ಹೊರಗೆ ಟ್ಯಾಕ್ಸಿ ಸಿಗುತ್ತೆ."

ತಾಯಿ ಹಾರಿ ಬಿದ್ದಳು. ತನ್ನನ್ನು ಹಿಡಿದುಕೊಂಡ ಮಹಿಳಾ ಪೇದೆಯ ಮುಂಗೈ ಕಚ್ಚಿದಳು. "ಆಕೆಗೆ ಕೊಡಬೇಡಿ. ಯಾರಿಗಾದ್ರೂ ಕೊಡಿ, ಆಕೆಗೆ ಬೇಡ. ಆಕೆ ಯಾರೋ ನನಗೆ ಗೊತ್ತೇ ಇಲ್ಲ."

"ನೋಡಿ," ಎಂದ ಇನ್ಸ್‌ಪೆಕ್ಟರ್ ಉಳಿದವರಿಗೆ. "ಮನೆಯವರ ಗುರುತೂ ಹತ್ತದಷ್ಟು ನೆತ್ತಿಗೇರಿದೆ."

ಹಿರಿಯಾಕೆ ತಿರುಗಿ ನೋಡದೆ ಮೆಟ್ಟಿಲಿಳಿದರು. ಒಬ್ಬ ಪೇದೆ ಓಡಿ ಹೋಗಿ ಟ್ಯಾಕ್ಸಿಯ ಬಾಗಿಲು ತೆರೆದು ಹಿಡಿದ. ಕೂಸಿನ ಅಳು ರಸ್ತೆಯ ಗದ್ದಲದಲ್ಲಿ ಕರಗಿತು.

ಇನ್ಸ್‌ಪೆಕ್ಟರ್ ಅವಳ ಗಂಡನಿಗೆ ಫೋನು ಮಾಡಿದ. ಅವನು ಕೆಲಸ ಮಾಡುವ ಮುದ್ರಣಾಲಯದ ಯಂತ್ರಗಳ ಸದ್ದಿನಲ್ಲಿ ಆ ಕಡೆಯವನಿಗೆ ಏನೂ ಸರಿಯಾಗಿ ಕೇಳಿಸುತ್ತಿರಲಿಲ್ಲ. "ನಿಮ್ಮ ಹೆಂಡತಿ ಕುಡಿದು ಠಾಣೆಯಲ್ಲಿದಾಳೆ. ಮಗು ಕ್ಷೇಮವಾಗಿದೆ. ಬನ್ನಿ," ಎಂದು ಕೂಗಿ ಹೇಳಿ ಫೋನಿಟ್ಟ. ಒಂದು ಒಳ್ಳೆಯ ಕೆಲಸ ಮಾಡಿದ ತೃಪ್ತಿಯಲ್ಲಿ ಆರಿದ ಟೀಯನ್ನೂ ಕುಡಿದ.

ಕೂಗಿ ಕೂಗಿ ತಾಯಿಯ ದನಿಯೇ ಹೋಗಿತ್ತು. ಬೆಂಚಿನ ಮೇಲೆ ಕೂತು ತುಟಿ ಮಾತ್ರ ಅಲ್ಲಾಡಿಸುತ್ತಿದ್ದಳು. ಮಹಿಳಾ ಪೇದೆ ಮುಂಗೈಗೆ ಬಟ್ಟೆ ಸುತ್ತಿಕೊಳ್ಳುತ್ತ ಬುದ್ಧಿ ಹೇಳಿದಳು: "ಅತ್ತೆ ಒಳ್ಳೆಯವರು, ಅದೃಷ್ಟ ಮಾಡಿದ್ದೀಯ. ಮನೆಗೆ ಹೋಗಿ ಕಾಲಿಗೆ ಬೀಳು."

ಹೊತ್ತು ಇಳಿಯುವ ವೇಳೆಗೆ ಗಂಡ ಬಂದ. ತೋಳಿನ ತುಂಬ ಮಸಿ. ಹೆಂಡತಿಯನ್ನು ಕಂಡವನೇ, "ಮಾನ ಮರ್ಯಾದೆ ಏನಾದ್ರೂ ಇದ್ಯಾ ನಿಂಗೆ?" ಎಂದ. ಅವನ ಹಿಂದೆ ಏದುಸಿರು ಬಿಡುತ್ತ, ಕೈಯಲ್ಲೊಂದು ಪುಟ್ಟ ಹೊದಿಕೆ ಹಿಡಿದು, ಗಿಡ್ಡನೆಯ ಮುದುಕಿಯೊಬ್ಬರು ಮೆಟ್ಟಿಲು ಹತ್ತಿ ಬಂದರು.

"ಇವರು ಯಾರು?" ಎಂದು ಕೇಳಿದ ಇನ್ಸ್‌ಪೆಕ್ಟರ್.

"ನಮ್ಮಮ್ಮ ಸಾರ್. ಮಗೂನ ಮನೆಗೆ ಕರ್ಕೊಂಡು ಹೋಗೋಕೆ ಬಂದಿದಾರೆ."