ಬಕೆಟ್ಟಿನಲ್ಲಿ ಬಿಟ್ಟ ಚಪ್ಪಲಿ

"ನೋಡ್ರಿ ಸಾವ್ಕಾರ, ನೀರಾಗ ನೆನಸಿದ್ರೂ ನನ್ ಚಪ್ಲಿ ಬಾಯಿ ಬಿಡಂಗಿಲ್ಲ," ಎಂದು ಅಪ್ಪ ಕೊಲ್ಲಾಪುರದ ವ್ಯಾಪಾರಿಯ ಎದುರು ಒಂದು ಚಪ್ಪಲಿಯನ್ನು ಬಕೆಟ್ಟಿಗೆ ಹಾಕಿದ. ಅಥಣಿಯ ನಮ್ಮ ಅಂಗಡಿಯಲ್ಲಿ ಹೊಸ ಗಿರಾಕಿಗಳಿಗೆಲ್ಲ ಹೀಗೇ ತೋರಿಸುತ್ತಿದ್ದ. ಈ ವ್ಯಾಪಾರಿಯ ಆರ್ಡರ್ ಸಿಗದಿದ್ದರೆ ಅಂಗಡಿ ಮುಚ್ಚಬೇಕಿತ್ತು.

ಆ ಚಪ್ಪಲಿ ನಾನು ಹೊಲಿದದ್ದು. ತೊಗಲು ಉಳಿಸಲು ತಳದ ಅಟ್ಟೆಯೊಳಗೆ ರಟ್ಟು ತುಂಬಿದ್ದೆ. ಅದು ಅಪ್ಪನಿಗೆ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅಟ್ಟೆ ಉಬ್ಬಿ ಬಿಚ್ಚಿತು. ರಟ್ಟು ತೇಲಿತು.

"ಇದೇನ್ರಿ ನಿಮ್ಮ ಮಾಲು? ಯಾರ್ ಹೊಲ್ದಾರ ಇದನ್ನ?" ವ್ಯಾಪಾರಿ ನಕ್ಕ.

ಅಪ್ಪ ನನ್ನ ಕಡೆ ನೋಡಲೂ ಇಲ್ಲ. "ನಾನ ಹೊಲ್ದೇನ್ರಿ," ಅಂದ.

ವ್ಯಾಪಾರಿ ಎದ್ದು ಹೋದ. ಅಪ್ಪ ಉಳಿದಿದ್ದ ಒಳ್ಳೆಯ ತೊಗಲನ್ನು ನನ್ನ ಮುಂದೆ ಇಟ್ಟು, "ಹೊಲಿಯಪಾ ಮತ್ತ," ಅಂದ. ಮರುವಾರ ನಮ್ಮ ಅಂಗಡಿ ಮುಚ್ಚಿ, ಬೇರೆಯವರ ಅಂಗಡಿಗೆ ಕೂಲಿಗೆ ಹೋಗತೊಡಗಿದ.

ಈಗಲೂ ಒದ್ದೆ ತೊಗಲಿನ ವಾಸನೆ ಬಂದರೆ ಆ ಬಕೆಟ್ಟೇ ಕಾಣುತ್ತದೆ.