ಪುಡಿ ಬೆರೆಸುವ ಕೆಲಸ

ಟಂಗ್‌ಸ್ಟನ್ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಕಾಯಿಸಿ, ಬೋರ್‌ವೆಲ್ ಕೊರೆಯುವ ಬಿಟ್‌ಗಳಿಗೆ ಹಲ್ಲು ತಯಾರಿಸುವ ಕಾರ್ಖಾನೆ ಅದು. ಅಲ್ಲಿ ಪುಡಿ ಬೆರೆಸುವುದು ನಿಂಗರಾಜನ ಕೆಲಸ. ನಾಲ್ಕು ವರ್ಷದ ಹಿಂದೆ ಅಕ್ಕನ ಗಂಡ ರುದ್ರಪ್ಪ ತನ್ನ ಜಾಗವನ್ನೇ ಅವನಿಗೆ ಬಿಟ್ಟುಕೊಟ್ಟು, ಕಡಿಮೆ ಸಂಬಳದ ಗೇಟ್ ಕಾವಲಿಗೆ ಹೋಗಿದ್ದ. ಆ ಉಪಕಾರವನ್ನು ನಿಂಗರಾಜ ಎಲ್ಲರ ಮುಂದೆಯೂ ಹೇಳಿಕೊಳ್ಳುತ್ತಿದ್ದ.

ಈಚೆಗೆ ನಾಲ್ಕು ಮೆಟ್ಟಿಲು ಹತ್ತಿದರೂ ಅವನಿಗೆ ಏದುಸಿರು, ಬಿಡದ ಕೆಮ್ಮು.

"ಡಾಕ್ಟ್ರಿಗೆ ತೋರಿಸ್ಲಾ ಭಾವ?"

"ಥಂಡಿ ಕಣೋ. ಶುಂಠಿ ಕಷಾಯ ಕುಡಿ, ಹೋಗುತ್ತೆ."

ಕೊನೆಗೆ ಭಾವನಿಗೆ ಹೇಳದೆಯೇ ಪೇಟೆಯ ಎದೆರೋಗದ ಡಾಕ್ಟರ ಬಳಿ ಹೋದ. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಟಂಗ್‌ಸ್ಟನ್ ಪುಡಿ ಬೆರೆಸ್ತೀರಾ?"

"ಹೌದು ಸಾರ್. ನಿಮಗೆ ಹೇಗೆ ಗೊತ್ತಾಯ್ತು?"

"ನಿಮ್ಮ ಫ್ಯಾಕ್ಟರಿಯವರೇ ಒಬ್ಬರು ಬಂದಿದ್ರು. ಅವರ ಎದೇಲೂ ಇದೇ ಧೂಳು ಕೂತಿತ್ತು. ಆ ಕೆಲಸ ಬಿಡದಿದ್ರೆ ಉಳಿಯಲ್ಲ ಅಂತ ಹೇಳಿ ಕಳಿಸಿದ್ದೆ."

"ಬಿಟ್ರಾ ಸಾರ್?"

"ಬಿಟ್ರು, ಈಗ ಚೆನ್ನಾಗಿದ್ದಾರೆ. ಬದಲಿಗೆ ಆಳು ಕೊಡದೆ ಮಾಲೀಕರು ಬಿಡಲ್ಲ ಅಂದ್ರಂತೆ. ಹೆಂಡತಿ ತಮ್ಮನನ್ನ ತಂದು ಸೇರಿಸಿದ್ರಂತೆ."