ತಂಗಿಯ ಊರಿನ ಚಾನೆಲ್

ಊರುಗಳು ಮೋಡದಂತೆ ತೇಲತೊಡಗಿದ ಮೇಲೆ ಮಾತಿಗೆ ಹಳೆಯ ವಾಕಿಟಾಕಿಗಳೇ ಗತಿಯಾದವು. ಅವಕ್ಕೆ ಊರೂರಿನ ಚಾನೆಲ್ ತುಂಬಹೋದರೆ ಹೊಸ ಕಂಪ್ಯೂಟರುಗಳ ಅವಸರ ಅರ್ಥವಾಗುತ್ತಿರಲಿಲ್ಲ. ನೀಲವ್ವನೇ ತನ್ನ ಹಳೆಯ, ನಿಧಾನದ ಕಂಪ್ಯೂಟರಿಗೆ ಫ್ಲಾಪಿ ಹಾಕಿ ಎಲ್ಲರ ಸೆಟ್ಟುಗಳನ್ನೂ ಪ್ರೋಗ್ರಾಂ ಮಾಡಿಕೊಡುತ್ತಿದ್ದಳು.

ಒಂದು ಸಂಜೆ ತಂಗಿ ಶಾಂತವ್ವನ ಊರು ಹತ್ತಿರ ತೇಲಿಬಂತು. ಗಾಳಿ ತಿರುಗಿದರೆ ಮತ್ತೆ ಸಿಗುವುದು ಅನುಮಾನ. ನೀಲವ್ವ ಆ ಊರಿನ ಚಾನೆಲನ್ನು ತನ್ನ ಸೆಟ್ಟಿಗೆ ಹಾಕಿಕೊಂಡು ಗುಂಡಿ ಒತ್ತಿದಳು.

“ಶಾಂತಾ, ಹಗ್ಗ ಒಗೀತೀನಿ. ಈ ಕಡೆ ಬಂದುಬಿಡು.”

“ಬಸುರಿ ಅದೀನಿ ಅಕ್ಕಾ, ಹೆಂಗ ದಾಟಲಿ? ನೀನೇ ಬಾ.”

ನೀಲವ್ವ ಕಂಪ್ಯೂಟರನ್ನು ನೆರೆಮನೆಯ ಮಹಬೂಬಬಿಗೆ ಒಪ್ಪಿಸಿ ಊರಿನ ಅಂಚಿಗೆ ಬಂದಳು. ಎರಡೂ ಊರಿನವರು ಹಗ್ಗ ಬಿಗಿಹಿಡಿದರು. ಅವಳು ತೂಗಾಡುತ್ತ ದಾಟುವಾಗ ಬಹಳ ಕೆಳಗೆ ಹೊಳೆ ಮಿನುಗುತ್ತಿತ್ತು.

ಶಾಂತವ್ವ ಅಕ್ಕನನ್ನು ತಬ್ಬಿಕೊಂಡಳು. ಬೆನ್ನ ಹಿಂದೆ ನೀಲವ್ವನ ಊರು ಸದ್ದಿಲ್ಲದೆ ದೂರ ಸರಿಯಿತು.